ದೇವರಕಾಡಿಗೆ ಹೋಗೋ ಮುಂಚೆ ಇದನ್ನ ಕೇಳಿ

ಜಯನಗರ, ಬನಶಂಕರಿ, ಬಿಟಿಎಂ ಕಡೆಯಿಂದ ವೀಕೆಂಡ್‌ಗೆ ಕೊಡಗಿಗೆ ಹೋಗೋರು ನಮ್ಮ ಕೇಳುಗರಲ್ಲಿ ತುಂಬಾ ಜನ ಇದ್ದೀರಿ. ಅಲ್ಲಿ ಕಾಫಿ ತೋಟಗಳ ನಡುವೆ ದಟ್ಟ ಮರಗಳ ಒಂದು ತುಂಡು ಕಾಡು ಕಂಡರೆ, ಅದು ದೇವರಕಾಡು ಇರಬಹುದು. ಒಳಗೆ ಹೋಗಬಹುದಾ? ಹೋದರೆ ಹೇಗೆ ನಡ್ಕೋಬೇಕು?

ಇದೇ ಪ್ರಶ್ನೆಗೆ ಜಪಾನಿನಲ್ಲಿ ಸ್ಪಷ್ಟ ಉತ್ತರ ಇದೆ. ನಾರಾ ಪ್ರಾಂತ್ಯದ ಓಮಿವಾ ಶಿಂಟೋ ದೇಗುಲದಲ್ಲಿ ಗರ್ಭಗುಡಿಯೇ ಇಲ್ಲ. ಹಿಂದಿರುವ 467 ಮೀಟರ್ ಎತ್ತರದ ಮಿವಾ ಬೆಟ್ಟವನ್ನೇ ಪೂಜಿಸ್ತಾರೆ. ಬೆಟ್ಟ ಹತ್ತಬೇಕಾದರೆ ಹೆಸರು ಬರೆಸಿ, ಬಿಳಿ ಪಟ್ಟಿ ಕೊರಳಿಗೆ ಹಾಕ್ಕೋಬೇಕು. ಮೇಲೆ ಫೋಟೊ ತೆಗೆಯೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ.

ಕೊಡಗಿನಲ್ಲಿ ಇಂಥ ಬೋರ್ಡು, ಕೌಂಟರ್ ಇರೋದು ಕಮ್ಮಿ. ಆದರೆ ನಂಬಿಕೆ ಹತ್ತಿರದ್ದೇ. ಇಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದೂ ಅಯ್ಯಪ್ಪ, ಭಗವತಿ ಹೀಗೆ ಒಬ್ಬೊಬ್ಬ ದೇವರಿಗೆ ಸೇರಿದ್ದು. ಅಯ್ಯಪ್ಪನ ಕಾಡಿನಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳನ್ನ ನೋಡಬಹುದು. ಮರ ಕಡಿಯೋದು, ಬೇಟೆ ಆಡೋದು ನಿಷಿದ್ಧ.

ಆದರೂ ಕಾಡು ಕರಗಿದೆ. 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಒತ್ತುವರಿ ಮಾಡಿ ಕಾಫಿ ಹಾಕಿದ್ದು, ಮನೆ ಕಟ್ಟಿದ್ದು ಮುಖ್ಯ ಕಾರಣ. ಕೆಲವು ಕಡೆ ದೇವರು ಉಳಿದು, ಕಾಡು ಹೋಗಿದೆ.

ಜಪಾನೂ ಈ ಅಪಾಯ ಕಂಡಿದೆ. 1906ರಲ್ಲಿ ಸರ್ಕಾರ ಚಿಕ್ಕ ದೇಗುಲಗಳನ್ನ ದೊಡ್ಡದರಲ್ಲಿ ವಿಲೀನ ಮಾಡೋಕೆ ಹೊರಟಿತು. ಮುಚ್ಚಿದ ದೇಗುಲಗಳ ಮರಗಳು ಮಾರಾಟಕ್ಕೆ ಹೋದವು. ಮಿನಾಕತ ಕುಮಗುಸು ಅನ್ನೋ ಜೀವವಿಜ್ಞಾನಿ ಇದನ್ನ ವಿರೋಧಿಸಿ, 1910ರಲ್ಲಿ ಜೈಲಿಗೂ ಹೋಗಿ ಬಂದರು. ದೇಗುಲ ಹೋದರೆ ಕಾಡು ಹೋಗುತ್ತೆ, ಕಾಡಿನ ಜೊತೆ ಅಲ್ಲಿನ ಗಿಡ, ಅಣಬೆ, ಹಕ್ಕಿ ಎಲ್ಲಾ ಹೋಗುತ್ತೆ ಅನ್ನೋದು ಅವರ ವಾದ.

ಹಾಗಾದರೆ ನೀವೇನು ಮಾಡಬೇಕು? ಮೊದಲು ಊರಿನವರನ್ನ ಕೇಳಿ. ಕೆಲವು ಕಾಡಿಗೆ ಹೊರಗಿನವರು ಹೋಗೋ ಹಾಗಿಲ್ಲ; ಬೇಡ ಅಂದರೆ ರಸ್ತೆಯಿಂದಲೇ ಕೈ ಮುಗಿದು ಮುಂದೆ ಹೋಗಿ. ಬನ್ನಿ ಅಂದರೆ ಚಪ್ಪಲಿ ಹೊರಗೆ ಬಿಡಿ, ಸ್ಪೀಕರ್ ಆಫ್ ಮಾಡಿ. ಹೂವು, ಎಲೆ, ಮಣ್ಣಿನ ನಾಯಿ ಯಾವುದನ್ನೂ ಎತ್ಕೊಂಡು ಬರಬೇಡಿ. ರೀಲ್ಸ್ ಹಾಕಿದರೂ ಲೊಕೇಶನ್ ಟ್ಯಾಗ್ ಬೇಡ. ನಾಲ್ಕೆಕರೆ ಕಾಡು ನಾನೂರು ಕಾರು ತಡ್ಕೊಳ್ಳಲ್ಲ.

ನೀವು ಹೋಗಿ ಬಂದದ್ದು ಆ ಕಾಡಿಗೆ ಗೊತ್ತೇ ಆಗದ ಹಾಗೆ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.