ಹಲವು ಊರುಗಳಿಗೆ ಒಂದೇ ಕಣಜ

ಶಾಲೆಗಳು ಆರಂಭವಾಗುವ ದಿನಗಳು ಹತ್ತಿರವಾದಂತೆ ತಂದೆತಾಯಿಗಳು ಪೆಟ್ಟಿಗೆಯಿಂದ ಹುಡುಕಿ ತೆಗೆಯುವ ಮೊದಲ ಕಾಗದವೆಂದರೆ ಮಗುವಿನ ಜನನ ಪ್ರಮಾಣಪತ್ರ. 1969ರ ಜನನ ಮತ್ತು ಮರಣಗಳ ನೋಂದಣಿ ಕಾಯಿದೆಯಂತೆ ಜನನವನ್ನು ನೋಂದಾಯಿಸಬೇಕಾದುದು ಮಗು ಹುಟ್ಟಿದ ಊರಿನಲ್ಲಿ. ಆದರೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ವಾಡಿಕೆ. ತಾಯಿಯ ತವರು ಹಾಸನ, ತಂದೆಯ ಉದ್ಯೋಗ ಹುಬ್ಬಳ್ಳಿಯಲ್ಲಿ ಎಂದಾದರೆ ಒಂದು ಹಾಳೆಗಾಗಿ ರಾತ್ರಿ ಬಸ್ಸು ಹಿಡಿಯಬೇಕಾದ ಪಾಡು ಬಹುಕಾಲ ಇತ್ತು.

ಈ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿ ಆ ಹಾಳೆಯ ತೂಕವನ್ನು ಇನ್ನೂ ಹೆಚ್ಚಿಸಿದೆ. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ ಮುಂತಾದವುಗಳಿಗೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಇದೇ. ಹಾಗಾದರೆ ಒಂದು ಊರಿನ ದಾಖಲೆ ಇನ್ನೊಂದು ಊರಿನಲ್ಲಿಯೂ ಸುಲಭವಾಗಿ ಸಿಗುವಂತೆ ಮಾಡುವುದು ಹೇಗೆ? ಸಿಕ್ಕರಷ್ಟೇ ಸಾಲದು, ಅದು ಕ್ಷೇಮವಾಗಿಯೂ ಇರಬೇಕಲ್ಲವೇ?

ಒಂದೇ ಕೆಲಸ, ನೂರಾರು ಕಚೇರಿ

ಕರ್ನಾಟಕದಲ್ಲಿ ಮಹಾನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿವೆ. ಇವುಗಳಲ್ಲಿ ಹೆಚ್ಚಿನವು ನಡೆಯುವುದು 1964ರ ಪುರಸಭೆಗಳ ಕಾಯಿದೆ ಅಥವಾ 1976ರ ಮಹಾನಗರಪಾಲಿಕೆಗಳ ಕಾಯಿದೆಯಂತೆ. ಕಾನೂನು ಒಂದೇ ಆದಮೇಲೆ ಅರ್ಜಿಯ ನಮೂನೆ, ತೆರಿಗೆಯ ಲೆಕ್ಕ, ರಸೀದಿ ಎಲ್ಲವೂ ಹೆಚ್ಚುಕಡಿಮೆ ಒಂದೇ. ಅಂದಮೇಲೆ ಪ್ರತಿ ಊರೂ ತನ್ನದೇ ತಂತ್ರಾಂಶ ಬರೆಸುವುದು ಬೀದಿಯ ನೂರು ಮನೆಯವರು ನೂರು ಬಾವಿ ತೋಡಿದಂತೆ. ದೊಡ್ಡ ನಗರಕ್ಕೆ ಆ ಖರ್ಚು ಹೊರೆಯಾಗದಿರಬಹುದು. ಸಣ್ಣ ಪಟ್ಟಣ ಪಂಚಾಯಿತಿ ಕಂಪ್ಯೂಟರ್ ತಜ್ಞರನ್ನು ನೇಮಿಸಿಕೊಳ್ಳುವುದೆಲ್ಲಿಂದ ಬಂತು?

ಈ ಯೋಚನೆಯಿಂದಲೇ ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ಪೌರಾಡಳಿತ ನಿರ್ದೇಶನಾಲಯವು ‘ನಿರ್ಮಲ ನಗರ’ ಯೋಜನೆಯಡಿ 57 ನಗರ, ಪಟ್ಟಣಗಳಿಗೆ ಒಂದೇ ಬಗೆಯ ತಂತ್ರಾಂಶ ಒದಗಿಸಲು ಹೊರಟಿತು. 2003ರಲ್ಲಿ ಬೆಂಗಳೂರಿನಲ್ಲಿ ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾಧಮುನಿ ಅವರು ಆರಂಭಿಸಿದ ಇ-ಗವರ್ನಮೆಂಟ್ಸ್ ಫೌಂಡೇಷನ್ ಇದರಲ್ಲಿ ಕೈಜೋಡಿಸಿತು. ಆಸ್ತಿ ತೆರಿಗೆ, ಜನನ-ಮರಣ ನೋಂದಣಿ, ಲೆಕ್ಕಪತ್ರ, ಸಾರ್ವಜನಿಕರ ದೂರು ಇವೆಲ್ಲ ಅದರ ಭಾಗಗಳು. ಇಂಥ ವ್ಯವಸ್ಥೆಯನ್ನು ಎಲ್ಲ ಊರುಗಳ ಪರವಾಗಿ ನೋಡಿಕೊಳ್ಳಲು ಕರ್ನಾಟಕ ಮುನಿಸಿಪಲ್ ಡಾಟಾ ಸೊಸೈಟಿ ಎಂಬ ಸಂಸ್ಥೆ ಬಂದಿತು. ನಗರ ಪ್ರದೇಶದ ಆಸ್ತಿ ನೋಂದಣಿಗೆ 2024ರಲ್ಲಿ ಕಡ್ಡಾಯವಾದ ಇ-ಖಾತೆಯ ಹಿಂದಿರುವುದೂ ಇಂಥದೇ ಒಂದು ಹಂಚಿಕೆಯ ವ್ಯವಸ್ಥೆ, ‘ಇ-ಆಸ್ತಿ’. ಇಡೀ ದೇಶಕ್ಕೆ ಇದೇ ಮಾದರಿಯನ್ನು ಹಬ್ಬಿಸುವ ಉದ್ದೇಶದಿಂದ ಕೇಂದ್ರ ಸರ್ಕಾರ 2021ರಲ್ಲಿ ರಾಷ್ಟ್ರೀಯ ನಗರ ಡಿಜಿಟಲ್ ಮಿಷನ್ ಆರಂಭಿಸಿತು.

ಅಕ್ಷರಕ್ಕೂ ಒಂದು ಸಂಖ್ಯೆ

ಎರಡು ಊರಿನ ಕಂಪ್ಯೂಟರುಗಳ ನಡುವೆ ತಂತಿ ಎಳೆದ ಮಾತ್ರಕ್ಕೆ ಅವು ಮಾತಾಡಿಕೊಳ್ಳುವುದಿಲ್ಲ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಸಂಖ್ಯೆ ಮಾತ್ರ. ಹಿಂದೆ ಕನ್ನಡದ ಬೇರೆ ಬೇರೆ ಅಕ್ಷರಶೈಲಿಗಳನ್ನು ತಯಾರಿಸಿದವರು ತಮಗೆ ತೋಚಿದಂತೆ ಅಕ್ಷರಗಳಿಗೆ ಸಂಖ್ಯೆ ಕೊಟ್ಟಿದ್ದರು. ಒಂದು ಕಚೇರಿಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದ ಹೆಸರು ಇನ್ನೊಂದು ಕಚೇರಿಯ ಪರದೆಯ ಮೇಲೆ ಅರ್ಥವಿಲ್ಲದ ಗೀಚಾಗಿ ಮೂಡುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡಿದ ಯೂನಿಕೋಡ್, 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಸ್ಥಾನ ಕೊಟ್ಟಿತು. ಅದರ ಪ್ರಕಾರ ‘ಕ’ ಅಕ್ಷರದ ಸಂಖ್ಯೆ 3221. ಬೀದರಿನಲ್ಲಿಯೂ ಅಷ್ಟೆ, ಚಾಮರಾಜನಗರದಲ್ಲಿಯೂ ಅಷ್ಟೆ.

ಅಕ್ಷರದ ತೊಡಕು ಕಳೆದರೂ ಇನ್ನೆರಡು ಉಳಿಯುತ್ತವೆ. ಮಂಜುನಾಥ, ಮಂಜುನಾಥ್ ಎಂಬೆರಡು ಹೆಸರುಗಳು ಒಬ್ಬನವೇ ಎಂದು ಗುಮಾಸ್ತರು ಊಹಿಸಬಲ್ಲರು, ಯಂತ್ರ ಊಹಿಸಲಾರದು. 03-04-2015 ಎಂದರೆ ಏಪ್ರಿಲ್ 3ನೇ ತಾರೀಖೇ, ಮಾರ್ಚ್ 4ನೇ ತಾರೀಖೇ? ಆದ್ದರಿಂದಲೇ ಪ್ರತಿ ದಾಖಲೆಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಸಂಖ್ಯೆ, ದಿನಾಂಕ ಬರೆಯಲು ಎಲ್ಲರೂ ಒಪ್ಪಿದ ಒಂದೇ ಕ್ರಮ ಬೇಕು. ಇನ್ನೊಂದು ನಿಯಮವೂ ಉಂಟು. ಒಂದೇ ಮಾಹಿತಿಯನ್ನು ಹತ್ತು ಕಡೆ ಬರೆದಿಟ್ಟರೆ ತಿದ್ದುವಾಗ ಒಂಬತ್ತು ಕಡೆ ತಿದ್ದಿ ಒಂದನ್ನು ಮರೆಯುತ್ತೇವೆ. ಮೂಲ ದಾಖಲೆ ಒಂದೇ ಇರಬೇಕು, ಬೇಕಾದವರು ಅದನ್ನೇ ನೋಡುವಂತಿರಬೇಕು. ಅಳತೆಗೆ ಜಗತ್ತೆಲ್ಲ ಮೀಟರ್, ಕಿಲೋಗ್ರಾಂ ಒಪ್ಪಿಕೊಂಡಂತೆಯೇ ಇದು.

ಬೀಗದ ಕೈ ಯಾರ ಬಳಿ?

ಈ ದಾರಿಯಲ್ಲಿ ಬಹಳ ಮೊದಲು ನಡೆದ ದೇಶ ಡೆನ್ಮಾರ್ಕ್. ಅಲ್ಲಿ 1968ರಲ್ಲಿ ಪ್ರತಿ ನಿವಾಸಿಗೂ ಹತ್ತು ಅಂಕಿಗಳ ಒಂದು ಸಂಖ್ಯೆ ಬಂತು. ಅದರ ಮೊದಲ ಆರು ಅಂಕಿಗಳು ಹುಟ್ಟಿದ ದಿನಾಂಕ. 1972ರಲ್ಲಿ ಪೌರಸಂಸ್ಥೆಗಳಿಗಾಗಿ ‘ಕೊಮ್ಯೂನೆಡಾಟಾ’ ಎಂಬ ಗಣಕ ಸಂಸ್ಥೆ ಹುಟ್ಟಿತು. ಮುಂದೆ ಕೆಎಂಡಿ ಎಂದು ಹೆಸರಾದ ಇದು ಪೌರಸಂಸ್ಥೆಗಳ ಸಂಘದ ಒಡೆತನದಲ್ಲಿತ್ತು. ದಶಕಗಳ ಕಾಲ ಕೆಲಸ ಸುಸೂತ್ರವಾಗಿಯೇ ನಡೆಯಿತು. ಆದರೆ 2009ರಲ್ಲಿ ಸಂಸ್ಥೆ ಖಾಸಗಿ ಹೂಡಿಕೆದಾರರ ಕೈ ಸೇರಿತು. ಅನಾರೋಗ್ಯ ಭತ್ಯೆ, ಸಹಾಯಧನದಂಥ ಕೆಲವು ಕೆಲಸಗಳಿಗೆ ಅದರ ತಂತ್ರಾಂಶ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಕಣಜ ಕಟ್ಟಿಸಿದವರು ಊರವರು, ಬೀಗದ ಕೈ ಬೇರೆಯವರ ಸೊಂಟದಲ್ಲಿ! ಆಗ ಪೌರಸಂಸ್ಥೆಗಳ ಸಂಘ ಕೊಂಬಿಟ್ ಎಂಬ ಇನ್ನೊಂದು ಸಂಸ್ಥೆ ಕಟ್ಟಿ, ಎಲ್ಲ 98 ಪೌರಸಂಸ್ಥೆಗಳ ಪರವಾಗಿ ಹೊಸ ತಂತ್ರಾಂಶಗಳಿಗೆ ಟೆಂಡರ್ ಕರೆಯಿತು. ಹಳೆಯದರಿಂದ ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು.

ಜರ್ಮನಿಯ ಪಾಠ ಇನ್ನೂ ಕಟುವಾದುದು. ಅಲ್ಲಿನ ನಾರ್ಥ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ 70ಕ್ಕೂ ಹೆಚ್ಚು ಪೌರಸಂಸ್ಥೆಗಳಿಗೆ ಕಂಪ್ಯೂಟರ್ ಸೇವೆ ಕೊಡುತ್ತಿದ್ದುದು ಸುಡ್‌ವೆಸ್ಟ್‌ಫಾಲನ್ ಐಟಿ ಎಂಬ ಸಹಕಾರಿ ಮಾದರಿಯ ಸಂಸ್ಥೆ. 2023ರ ಅಕ್ಟೋಬರ್ 30ರ ಬೆಳಗಾಗುವಷ್ಟರಲ್ಲಿ ಕಳ್ಳರು ಅದರ ಕಡತಗಳನ್ನು ರಹಸ್ಯ ಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳಿದ್ದರು. ವಾಹನ ನೋಂದಣಿ, ಗುರುತಿನ ಚೀಟಿ, ಹಣ ಪಾವತಿ ಒಮ್ಮೆಲೇ ಸ್ಥಗಿತಗೊಂಡವು. ಸಂಸ್ಥೆ ಹಣ ಕೊಡಲಿಲ್ಲ, ಆದರೆ ಎಲ್ಲ ಸರಿಹೋಗಲು ತಿಂಗಳುಗಟ್ಟಲೆ ಬೇಕಾಯಿತು. ತನಿಖೆಯಲ್ಲಿ ಕಂಡುಬಂದ ಲೋಪಗಳಲ್ಲಿ ಒಂದು ತೀರ ಸಾಮಾನ್ಯವಾದುದು: ಹೊರಗಿನಿಂದ ಒಳಬರುವ ದಾರಿಗೆ ಪಾಸ್‌ವರ್ಡಿನ ಜೊತೆಗೆ ಇರಬೇಕಾದ ಎರಡನೆಯ ಪರೀಕ್ಷೆಯೇ ಇರಲಿಲ್ಲ. ಮೊಬೈಲಿಗೆ ಬರುವ ಒಟಿಪಿ ಇಂಥದೇ ಎರಡನೆಯ ಬೀಗ.

ಹಾಗೆಂದು ಮತ್ತೆ ಊರಿಗೊಂದು ದಪ್ಪ ಲೆಡ್ಜರಿಗೆ ಹಿಂತಿರುಗಬೇಕೆಂದಲ್ಲ. ಗೆದ್ದಲು, ಮಳೆನೀರು, ಬೆಂಕಿ ತಿಂದು ಹಾಕಿದ ಲೆಡ್ಜರುಗಳಿಗೂ ಲೆಕ್ಕವಿಲ್ಲ. ಹಂಚಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಜೊತೆಗೆ ಅಪಾಯ ಒಂದೆಡೆ ಕೂಡಿಕೊಳ್ಳುತ್ತದೆ. ಆದ್ದರಿಂದ ಎಲ್ಲರೂ ಸೇರಿ ಉಳಿಸಿದ ಹಣದ ಒಂದು ಪಾಲು ಕಾವಲಿಗೆ ಮೀಸಲಾಗಬೇಕು. ಕಡತಗಳ ಪ್ರತಿ ಬೇರೊಂದು ಊರಿನಲ್ಲಿ, ಜಾಲದ ಸಂಪರ್ಕವಿಲ್ಲದೆ ಇರಬೇಕು. ತಂತ್ರಾಂಶದ ಮೂಲಬರಹ ಮತ್ತು ದತ್ತಾಂಶದ ಒಡೆತನ ಸಾರ್ವಜನಿಕರದಾಗಿಯೇ ಉಳಿಯಬೇಕು. ದೇಶದಲ್ಲಿ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಇದಕ್ಕೆ ಬಲ ಕೊಡಬಲ್ಲದು, ಕೇಳುವವರಿದ್ದರೆ.

ಪೋಷಕರು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿ ಆಗಿದೆಯೇ ಎಂದು ವಿಚಾರಿಸಬೇಕು. ಪ್ರಮಾಣಪತ್ರ ಕೈಗೆ ಬಂದ ದಿನವೇ ಮಗುವಿನ, ತಂದೆತಾಯಿಗಳ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಓದಿ ನೋಡಬೇಕು. ಒಂದು ಕಡೆ ನುಸುಳಿದ ತಪ್ಪು ಈಗ ಹತ್ತು ಕಡೆ ಸರಿಯೆಂದೇ ಕಾಣಿಸಿಕೊಳ್ಳುತ್ತದೆ. ಇನ್ನು ವಿದ್ಯಾರ್ಥಿಗಳು ಗಣಿತದಲ್ಲಿ ಕಲಿಯುವ ಗಣಗಳು, ಅವಿಭಾಜ್ಯ ಸಂಖ್ಯೆಗಳು ಬರೀ ಪರೀಕ್ಷೆಗಲ್ಲ. ದಾಖಲೆಗಳನ್ನು ಜೋಡಿಸುವ ಕ್ರಮಕ್ಕೆ ಮೊದಲನೆಯದು ತಳಹದಿ, ರಹಸ್ಯ ಲಿಪಿಯ ಬೀಗಕ್ಕೆ ಎರಡನೆಯದು. ನಾಳೆ ತಮ್ಮೂರಿನ ಕಣಜವನ್ನು ಕಾಯಬೇಕಾದವರು ಅವರೇ.