ಕಾರ್ಮೆಲ್ ಮಠಗಳ ಮರಣಪತ್ರ

ಕಥೋಲಿಕ ಕ್ರೈಸ್ತರ ಕಾರ್ಮೆಲ್ ಮಠದ ಸನ್ಯಾಸಿನಿಯೊಬ್ಬರು ತೀರಿಕೊಂಡರೆ ಅವರ ಹಿಂದೆ ಉಳಿಯುವುದು ಬಹಳ ಕಡಿಮೆ. ಮಕ್ಕಳಿಲ್ಲ, ಆಸ್ತಿಯಿಲ್ಲ. ತಂದೆ ತಾಯಿ ಇಟ್ಟ ಹೆಸರನ್ನೂ ಒಳಗೆ ಬರುವಾಗಲೇ ಬಿಟ್ಟುಕೊಟ್ಟಿರುತ್ತಾರೆ. ಉಟ್ಟ ಬಟ್ಟೆ, ಮಲಗಿದ ಕೋಣೆ, ಕೈಯಲ್ಲಿ ಹಿಡಿದ ಪ್ರಾರ್ಥನೆಯ ಪುಸ್ತಕ ಎಲ್ಲವೂ ಮಠದ್ದು. ನಮ್ಮ ಮನೆಗಳಲ್ಲಿ ಹಿರಿಯರ ತಿಥಿ ಬಂದಾಗ ಎಡೆ ಇಡಲು ಮಗನೋ ಮೊಮ್ಮಗನೋ ಇರುತ್ತಾನೆ, ಊಟದ ನಡುವೆ ಅವರ ಎರಡು ಮಾತು ಬಂದೇ ಬರುತ್ತದೆ. ಗೋಡೆಯೊಳಗೇ ಆಯುಸ್ಸು ಕಳೆದ ಈ ಹೆಣ್ಣುಮಕ್ಕಳ ಮಾತೆತ್ತುವವರು ಯಾರು?

ಫ್ರಾನ್ಸಿನ ಕಾರ್ಮೆಲ್ ಮಠಗಳು ಇದಕ್ಕೆ ಒಂದು ಪದ್ಧತಿ ಕಟ್ಟಿಕೊಂಡವು. ಸಹೋದರಿಯೊಬ್ಬರು ತೀರಿಕೊಂಡ ಮೇಲೆ ಮಠದ ಮುಖ್ಯಸ್ಥೆ ಅವರ ಬದುಕನ್ನು ಒಂದು ಪತ್ರವಾಗಿ ಬರೆದು, ಅಚ್ಚು ಹಾಕಿಸಿ, ಕಾರ್ಮೆಲ್ ಸಭೆಯ ಇತರ ಮಠಗಳಿಗೆಲ್ಲ ಅಂಚೆಯಲ್ಲಿ ಕಳಿಸುತ್ತಿದ್ದರು. ಸರ್ಕ್ಯುಲರ್ ಎಂದೇ ಅದನ್ನು ಕರೆಯುತ್ತಿದ್ದರು. ಕಚೇರಿಯ ಸುತ್ತೋಲೆಗೂ ಇದೇ ಹೆಸರು ಇರುವುದರಿಂದ ಈ ಲೇಖನದಲ್ಲಿ ಮರಣಪತ್ರ ಎನ್ನುತ್ತೇನೆ. ಕೆಲವು ನಾಲ್ಕೈದು ಪುಟದವು, ಕೆಲವು ಪುಟ್ಟ ಪುಸ್ತಕದಷ್ಟು ದೊಡ್ಡವು. ತಲುಪಿದ ಮಠದಲ್ಲಿ ಅದನ್ನು ಎಲ್ಲರೂ ಸೇರಿದಾಗ ಗಟ್ಟಿಯಾಗಿ ಓದುತ್ತಿದ್ದರು. ಸತ್ತವರನ್ನು ಅಲ್ಲಿ ಯಾರೂ ಕಂಡಿರುತ್ತಿರಲಿಲ್ಲ. ಕಾಣುವ ಸಾಧ್ಯತೆಯೂ ಇರಲಿಲ್ಲ, ಏಕೆಂದರೆ ಓದುವವರೂ ಕೇಳುವವರೂ ತಮ್ಮ ತಮ್ಮ ಗೋಡೆ ದಾಟುವವರಲ್ಲ.

ಪತ್ರಕ್ಕೆ ಒಂದು ಅಚ್ಚುಕಟ್ಟು ಇತ್ತು. ಮೊದಲು ವಂದನೆ, ದುಃಖದ ಸುದ್ದಿ. ನಡುವೆ ಬದುಕಿನ ಕಥೆ: ಹುಟ್ಟಿದ ಮನೆ, ಮಠದ ಕರೆ ಕೇಳಿಸಿದ ಬಗೆ, ಒಳಗೆ ಮಾಡಿದ ಕೆಲಸ, ಕೊನೆಯ ಕಾಯಿಲೆ, ಪ್ರಾಣ ಹೋದ ಗಳಿಗೆ. ಕಡೆಗೆ ಬೇಡಿಕೆ. ಈ ಆತ್ಮಕ್ಕಾಗಿ ನಿಮ್ಮ ಮಠದಿಂದ ಇಂತಿಷ್ಟು ಪ್ರಾರ್ಥನೆ, ಒಂದು ಪರಮಪ್ರಸಾದ, ಒಂದು ದಿನದ ಸತ್ಕಾರ್ಯ, ಒಂದು ಶಿಲುಬೆಯ ಹಾದಿಯ ಪ್ರಾರ್ಥನೆ ಎಂದು ಕೇಳಿಕೊಳ್ಳುವುದು. ಪತ್ರ ಹುಟ್ಟಿದ್ದೇ ಈ ಬೇಡಿಕೆಗಾಗಿ. ಸತ್ತವರಿಗೆ ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆ ಎಂಬುದು ಕಥೋಲಿಕ ನಂಬಿಕೆ. ಕಥೆಯ ಭಾಗ ಅದರ ಜೊತೆಗೆ ಬಂದದ್ದು. ಆದರೆ ಇವತ್ತು ಈ ಪತ್ರಗಳನ್ನು ಕೈಗೆತ್ತಿಕೊಂಡರೆ ಬಿಡಲಾಗದಂತೆ ಹಿಡಿದು ಓದಿಸುವುದು ಕಥೆಯೇ. ಅರಮನೆಯ ಚರಿತ್ರೆಯಲ್ಲಾಗಲಿ ಚರ್ಚಿನ ಚರಿತ್ರೆಯಲ್ಲಾಗಲಿ ಒಂದು ಸಾಲೂ ಸಿಗದ ಹೆಂಗಸರಿಗೆ, ಬಟ್ಟೆ ಒಗೆದವರಿಗೆ, ರೋಗಿಗಳ ಹಾಸಿಗೆ ಬದಲಿಸಿದವರಿಗೆ, ಒಂದೊಂದು ಜೀವನಚರಿತ್ರೆ ಇಲ್ಲಿದೆ.

ಇದರ ಬೇರು ಸ್ಪೇನಿನಲ್ಲಿದೆ. ಆವಿಲಾದ ಸಂತ ತೆರೇಸಾ 1562ರಲ್ಲಿ ತನ್ನ ಊರಿನಲ್ಲೇ ಸುಧಾರಿತ ಕಾರ್ಮೆಲಿನ ಮೊದಲ ಪುಟ್ಟ ಮಠ ತೆರೆದರು. ಒಳಗಿರುವವರ ಸಂಖ್ಯೆ ಹದಿಮೂರು ದಾಟಬಾರದು ಎಂಬುದು ಅವರ ಮೊದಲ ಯೋಚನೆ, ಆಮೇಲೆ ಇಪ್ಪತ್ತೊಂದಕ್ಕೆ ಒಪ್ಪಿದರು. ಅಷ್ಟು ಚಿಕ್ಕ ಮನೆಯಲ್ಲಿ ಮೂವತ್ತು ನಲವತ್ತು ವರ್ಷ ಜೊತೆಗಿದ್ದರೆ ಒಬ್ಬರ ಕೆಮ್ಮು, ಒಬ್ಬರ ಸಿಡುಕು, ಒಬ್ಬರ ನಡಿಗೆಯ ಸದ್ದು ಇನ್ನೊಬ್ಬರಿಗೆ ಬಾಯಿಪಾಠವಾಗಿರುತ್ತದೆ. ಮಠಗಳನ್ನು ಕಟ್ಟಿದ ಕಥೆ ಬರೆಯುತ್ತ ತೆರೇಸಾ ಒಂದು ಅಧ್ಯಾಯವನ್ನು ಪೂರ್ತಿಯಾಗಿ ವಯಾದೊಲಿದ್ ಮಠದ ಬೆಯಾತ್ರಿಸ್ ಎಂಬ ಸಹೋದರಿಗೆ ಮೀಸಲಿಟ್ಟರು. 1573ರಲ್ಲಿ ತೀರಿಕೊಂಡ ಆಕೆ ಮಠ ಕಟ್ಟಿದವರಲ್ಲ, ಹೆಸರಾಂತರೂ ಅಲ್ಲ. ಅಸಾಧ್ಯ ನೋವಿನಲ್ಲೂ ಮುಖ ಸಿಂಡರಿಸದೆ ಇದ್ದವರು ಎಂಬುದೇ ಅಧ್ಯಾಯದ ಸಾರ. ಜಮೀನು, ಬಾಡಿಗೆ, ಬಿಷಪ್ಪರ ಅನುಮತಿ ಎಂದು ವ್ಯವಹಾರದ ಮಾತು ತುಂಬಿದ ಆ ಪುಸ್ತಕದ ನಡುವೆ ತೆರೇಸಾ ನಿಂತು ಈ ಒಬ್ಬಾಕೆಯ ಮರಣವನ್ನು ವಿವರವಾಗಿ ಹೇಳುತ್ತಾರೆ. 1604ರಲ್ಲಿ ಸ್ಪೇನಿನ ಸಹೋದರಿಯರು ಪ್ಯಾರಿಸ್ಸಿಗೆ ಬಂದು ಮಠ ತೆರೆದರು. ಸಹೋದರಿಯರ ಬದುಕು ಬರೆದಿಡುವ ಅಭ್ಯಾಸ ಪತ್ರದ ರೂಪ ಪಡೆದು ಬೇರೂರಿದ್ದು ಫ್ರಾನ್ಸಿನ ಮಣ್ಣಿನಲ್ಲಿ.

ಪತ್ರ ಬರೆಯಲು ಬಹುತೇಕ ಯಾರೂ ಉಳಿಯದಂಥ ಕಾಲವೂ ಬಂತು. ಫ್ರೆಂಚ್ ಕ್ರಾಂತಿಯ ಸರ್ಕಾರ 1792ರಲ್ಲಿ ಕಾಂಪಿಯೆನ್ ಊರಿನ ಕಾರ್ಮೆಲ್ ಮಠವನ್ನು ಖಾಲಿ ಮಾಡಿಸಿತು. ಸಹೋದರಿಯರು ಸಾಮಾನ್ಯ ಉಡುಪಿನಲ್ಲಿ, ಬೇರೆ ಬೇರೆ ಮನೆಗಳಲ್ಲಿ, ಗುಟ್ಟಾಗಿ ತಮ್ಮ ನಿಯಮ ಪಾಲಿಸುತ್ತ ಉಳಿದರು. 1794ರಲ್ಲಿ ಅವರನ್ನು ಬಂಧಿಸಿದರು. ಪ್ಯಾರಿಸ್ಸಿಗೆ ಸಾಗಿಸುವ ಆಜ್ಞೆ ಬಂದಾಗ ಅವರ ಸಾಮಾನ್ಯ ಬಟ್ಟೆ ಒಗೆಯುವ ನೀರಿನಲ್ಲಿ ನೆನೆದಿತ್ತು. ಮೈಮೇಲೆ ಇದ್ದದ್ದು ಮಠದ ಉಡುಪು. ಹಾಗೇ ಬಂಡಿ ಹತ್ತಿಸಿದರು. ಜುಲೈ 17ರಂದು ಹದಿನಾರು ಮಂದಿಯನ್ನೂ ಗಿಲೊಟಿನ್‌ಗೆ ಒಡ್ಡಿದರು. ಹಾಡುತ್ತ ಮೆಟ್ಟಿಲು ಹತ್ತಿದರು. ಎಲ್ಲರಿಗಿಂತ ಕಿರಿಯಳಾದ ನವಶಿಷ್ಯೆ ಮೊದಲು, ಮುಖ್ಯಸ್ಥೆ ಕೊನೆಗೆ. ದೇಹಗಳನ್ನು ಪಿಕ್‌ಪ್ಯೂಸ್ ಎಂಬಲ್ಲಿ ಸಾಮೂಹಿಕ ಗುಂಡಿಗೆ ಹಾಕಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಕ್ರಾಂತಿಯ ಸರ್ಕಾರದ ಮುಖಂಡ ರೋಬ್‌ಸ್ಪಿಯರನೇ ಉರುಳಿದ.

ಆ ಮಠದ ಮರಿ ಎಂಬ ಸಹೋದರಿ ಬಂಧನದ ಹೊತ್ತಿಗೆ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋಗಿದ್ದರಿಂದ ಉಳಿದುಕೊಂಡರು. ಒಬ್ಬರ ಬದಲು ಹದಿನಾರು ಜನರ ಮರಣಪತ್ರ ಬರೆಯುವ ಪಾಲು ಅವರಿಗೆ ಬಂತು. ಕಂಡವರನ್ನು ಕೇಳಿ, ತಮಗೆ ನೆನಪಿದ್ದನ್ನು ಕೂಡಿಸಿ, ವೃದ್ಧಾಪ್ಯದವರೆಗೂ ಅದನ್ನೇ ಬರೆದರು. 1836ರಲ್ಲಿ ಅವರು ತೀರಿಕೊಂಡ ವರ್ಷವೇ ಅದು ಪುಸ್ತಕವಾಯಿತು. ಫ್ರೆಂಚ್ ಸಂಗೀತ ರಚನಕಾರ ಪೂಲಾಂಕ್ ಅವರ ಪ್ರಸಿದ್ಧ ಒಪೆರಾದ ಹಿಂದೆ ಇರುವುದೂ ಇದೇ ಘಟನೆ. 2024ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಈ ಹದಿನಾರು ಮಂದಿಯನ್ನೂ ಸಂತರೆಂದು ಘೋಷಿಸಿದರು. ನನಗೆ ಒಪೆರಾಗಿಂತ ದೊಡ್ಡದಾಗಿ ಕಾಣುವುದು ಉಳಿದುಕೊಂಡ ಆ ಒಬ್ಬ ಸಹೋದರಿಯ ನಲವತ್ತು ವರ್ಷ.

ಮರಣಪತ್ರಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ಆಳವಾದ ಕಥೆ ಮಾತ್ರ ಇನ್ನೊಬ್ಬರದು. ನಾರ್ಮಂಡಿಯ ಲಿಸ್ಯೂ ಊರಿನ ಮಠಕ್ಕೆ 1888ರಲ್ಲಿ ಹದಿನೈದರ ಹುಡುಗಿಯೊಬ್ಬಳು ಸೇರಿದಳು. ಬಾಲಯೇಸುವಿನ ಸಂತ ತೆರೇಸಾ ಎಂದು ಇಂದು ನಮ್ಮ ಚರ್ಚುಗಳಲ್ಲಿ ಗುಲಾಬಿ ಹಿಡಿದು ನಿಂತಿರುವವರು ಅವರೇ. ಮಠದಲ್ಲಿ ಅವರು ಮೊದಲು ಕಂಡ ಸಾವು ಮಠದ ಸ್ಥಾಪಕಿಯರಲ್ಲಿ ಒಬ್ಬರಾದ ವೃದ್ಧ ಮದರ್ ಜೆನೆವಿಯೆವ್ ಅವರದು, 1891ರ ಡಿಸೆಂಬರಿನಲ್ಲಿ. ಸತ್ತವರ ರೆಪ್ಪೆಯ ಮೇಲೆ ಉಳಿದಿದ್ದ ಕೊನೆಯ ಕಣ್ಣೀರಿನ ಹನಿಯನ್ನು ತೆರೇಸಾ ಒಂದು ಬಟ್ಟೆಯ ತುಂಡಿಗೆ ಒತ್ತಿ ಇಟ್ಟುಕೊಂಡರು. ತಿಂಗಳು ಕಳೆಯುವ ಮುನ್ನ ಇನ್‌ಫ್ಲುಯೆಂಜಾ ಮಠಕ್ಕೆ ನುಗ್ಗಿತು. 1892ರ ಜನವರಿ 2, ತೆರೇಸಾಗೆ ಹತ್ತೊಂಬತ್ತು ತುಂಬಿದ ದಿನ, ಮೊದಲ ಸಾವು. ಒಂದೇ ವಾರದಲ್ಲಿ ಮೂವರು ಹೋದರು. ಎದ್ದು ಓಡಾಡಬಲ್ಲವರು ಬೆರಳೆಣಿಕೆಯಷ್ಟೇ ಇದ್ದ ಆ ದಿನಗಳಲ್ಲಿ ಶುಶ್ರೂಷೆ, ಶವದ ಸಿದ್ಧತೆ, ಪೂಜೆಯ ಏರ್ಪಾಡು ಎಲ್ಲಕ್ಕೂ ಈ ಹುಡುಗಿ ಹೆಗಲು ಕೊಟ್ಟಳು.

ನಾಲ್ಕು ವರ್ಷದ ಮೇಲೆ ಕ್ಷಯ ತೆರೇಸಾ ಅವರನ್ನೇ ಹಿಡಿಯಿತು. ಅದೇ ಮಠದಲ್ಲಿದ್ದ ಅಕ್ಕ ಪೊಲೀನ್, ಅಂದರೆ ಮದರ್ ಆಗ್ನೆಸ್, ತಂಗಿಯಿಂದ ಬಾಲ್ಯದ ನೆನಪುಗಳನ್ನು ಅದಾಗಲೇ ಬರೆಸಿಟ್ಟಿದ್ದರು. 1897ರ ಜೂನ್ ತಿಂಗಳ ಒಂದು ರಾತ್ರಿ ಅವರು ಮುಖ್ಯಸ್ಥೆ ಮರಿ ದ ಗೊನ್ಸಾಗ್ ಅವರ ಬಳಿ ಹೋಗಿ, ಆ ಬರಹದಲ್ಲಿ ಮಠದ ಜೀವನದ ಬಗ್ಗೆ ಬಹುತೇಕ ಏನೂ ಇಲ್ಲ, ಮುಂದೆ ಮರಣಪತ್ರಕ್ಕೆ ಅದು ಹೆಚ್ಚು ಉಪಯೋಗಕ್ಕೆ ಬಾರದು, ನೀವೇ ಹೇಳಿದರೆ ಅವಳು ಉಳಿದದ್ದನ್ನೂ ಬರೆದಾಳು ಎಂದು ಕೇಳಿಕೊಂಡರು. ಮುಖ್ಯಸ್ಥೆ ಒಪ್ಪಿದರು. ತನ್ನ ಸಾವಿನ ಪತ್ರಕ್ಕೆ ಬೇಕಾದ ಸಾಮಗ್ರಿಯನ್ನು ತಾನೇ ಬರೆಯಲು ತೆರೇಸಾ ಕುಳಿತದ್ದು ಹೀಗೆ. ತೋಟದಲ್ಲಿ ಮರದಡಿ ಗಾಲಿಕುರ್ಚಿಯಲ್ಲಿ ಕೂತು, ಹೋಗುವವರು ಬರುವವರು ನಿಂತು ಮಾತಾಡಿಸುವ ಅಡ್ಡಿಗಳ ನಡುವೆ, ಒಂದು ಚಿಕ್ಕ ಕಪ್ಪು ನೋಟುಪುಸ್ತಕದಲ್ಲಿ ಬರೆದರು. ಕೊನೆಯ ಪುಟಗಳಿಗೆ ಬರುವಷ್ಟರಲ್ಲಿ ಶಾಯಿಯಲ್ಲಿ ಬರೆಯುವ ಶಕ್ತಿ ಇಲ್ಲದೆ ಪೆನ್ಸಿಲ್ ಹಿಡಿದರು.

ಆ ಬೇಸಿಗೆಯಲ್ಲೇ ರೋಗಿಗಳ ಕೋಣೆಯ ಕಿಟಕಿಯಾಚೆ ಸಹೋದರಿಯೊಬ್ಬರು ಆಡಿದ ಮಾತು ಅವರ ಕಿವಿಗೆ ಬಿತ್ತು ಎಂದು ಹೇಳುತ್ತಾರೆ. ಸಿಸ್ಟರ್ ತೆರೇಸಾ ಇನ್ನೇನು ಹೋಗುತ್ತಾಳೆ, ನಮ್ಮ ಮದರ್ ಅವಳ ಬಗ್ಗೆ ಏನೆಂದು ಬರೆದಾರು, ಬಂದಳು, ಇದ್ದಳು, ಸತ್ತಳು ಎನ್ನುವುದು ಬಿಟ್ಟರೆ ಹೇಳಲು ಏನೂ ಇಲ್ಲವಲ್ಲ ಎಂಬುದು ಆ ಮಾತಿನ ಭಾವ. ನಾನಿದನ್ನು ಕ್ರೂರ ಮಾತೆಂದು ಓದುವುದಿಲ್ಲ. ಪತ್ರ ಬರೆಯುವ ಕಷ್ಟ ಬಲ್ಲವರ ಸಹಜ ಚಿಂತೆ ಅದು. ಇಪ್ಪತ್ತನಾಲ್ಕರ ಹುಡುಗಿ, ಹುದ್ದೆ ಹಿಡಿದವಳಲ್ಲ, ಪವಾಡ ಮಾಡಿದವಳಲ್ಲ.

ಸೆಪ್ಟೆಂಬರ್ 30ರಂದು ತೆರೇಸಾ ತೀರಿಕೊಂಡರು. ಸರಿಯಾಗಿ ಒಂದು ವರ್ಷಕ್ಕೆ, ವಾಡಿಕೆಯ ಪತ್ರದ ಬದಲು 476 ಪುಟದ ಪುಸ್ತಕವೇ ಹೊರಬಂತು: ‘ಒಂದು ಆತ್ಮದ ಕಥೆ’. 2,000 ಪ್ರತಿ ಅಚ್ಚಾಯಿತು, ಮಠಗಳಿಗೆ ಹೋಯಿತು. ಇಷ್ಟು ಪ್ರತಿ ಯಾವಾಗ ಖರ್ಚಾದೀತು ಎಂಬ ಅಳುಕು ಸಹೋದರಿಯರಿಗಿತ್ತು. ಮುಂದೆ ಅದು ಲೋಕದ ಹತ್ತಾರು ಭಾಷೆಗಳಿಗೆ ಹೋಯಿತು. 1925ರ ಮೇ 17ರಂದು ಅವರು ಸಂತರಾದರು.

ಅಕ್ಕ ಆ ಬರಹವನ್ನು ಇದ್ದಂತೆ ಅಚ್ಚಿಗೆ ಕೊಟ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ಸಾವಿರಾರು ಕಡೆ ತಿದ್ದಿದ್ದರು, ಬರಹವೆಲ್ಲ ಮುಖ್ಯಸ್ಥೆಗೇ ಬರೆದದ್ದೆಂಬಂತೆ ಮಾಡಿದ್ದರು. ತೆರೇಸಾ ಕೈಯಾರೆ ಬರೆದದ್ದು ಇದ್ದ ಹಾಗೇ ಓದುಗರಿಗೆ ಸಿಕ್ಕಿದ್ದು 1956ರಲ್ಲಿ. ಮರಣಪತ್ರ ಎಂಬ ಪ್ರಕಾರದ ಗುಣವೂ ದೋಷವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಸತ್ತವರೊಡನೆ ಬಾಳಿದವರೇ ಬರೆಯುವುದರಿಂದ ಹೊರಗಿನವರಿಗೆ ಎಂದೂ ದಕ್ಕದ ವಿವರ ಅದರಲ್ಲಿರುತ್ತದೆ. ಬಾಳಿದವರೇ ಬರೆಯುವುದರಿಂದ ಜಗಳ, ಹಟ, ಹೊಟ್ಟೆಕಿಚ್ಚು ಮರೆಯಾಗುತ್ತವೆ. ಹಲವು ಪತ್ರಗಳನ್ನು ಓದಿದರೆ ಎಲ್ಲರೂ ವಿಧೇಯರು, ಎಲ್ಲರೂ ಸೌಮ್ಯರು. ಒಂದು ಸಾಲಿನಲ್ಲಿ ಮಾತ್ರ, ಈ ಸಹೋದರಿಗೆ ತನ್ನ ಚುರುಕು ಸ್ವಭಾವದೊಡನೆ ಬಹಳ ಹೋರಾಡಬೇಕಾಯಿತು ಎಂಬಂಥ ಸುಳಿವು ಸಿಗಬಹುದು. ಅಂಥ ಸಾಲಿಗಾಗಿ ಕಾದು ಓದಬೇಕು, ಬದುಕು ಇರುವುದು ಅದರಲ್ಲಿ. ಕೆಲವರು ತಮ್ಮ ಬಗ್ಗೆ ಏನೂ ಬರೆಯಬೇಡಿ ಎಂದು ಸಾಯುವ ಮುನ್ನವೇ ಕೇಳಿಕೊಂಡರು. ಅವರ ಮಠದಿಂದ ಪ್ರಾರ್ಥನೆಯ ಬೇಡಿಕೆಯಷ್ಟೇ ಹೋಯಿತು.

ನಮ್ಮ ಕರಾವಳಿಗೂ ಈ ಕಥೆಯ ಒಂದು ಎಳೆ ಬಂದಿದೆ. 1870ರಲ್ಲಿ ಬಿಷಪ್ ಮರಿ ಎಫ್ರೆಮ್ ಅವರ ಕರೆಗೆ ಓಗೊಟ್ಟು ಫ್ರಾನ್ಸಿನ ಪೋ ಊರಿನ ಕಾರ್ಮೆಲ್ ಮಠದಿಂದ ಸಹೋದರಿಯರು ಮಂಗಳೂರಿಗೆ ಹಡಗು ಹತ್ತಿದರು. ಮೂವರು ಮಂಗಳೂರು ಮುಟ್ಟುವ ಮೊದಲೇ ತೀರಿಕೊಂಡರು. ಪೋದಿಂದ ಮತ್ತೆ ಬೇರೆಯವರು ಬಂದ ಮೇಲೆ, ವರ್ಷದ ಕೊನೆಗೆ ಮಠದ ಬದುಕು ಆರಂಭವಾಯಿತು. ಮೊದಲು ಹೊರಟು ಬಂದವರಲ್ಲಿ ಗಲಿಲೇಯದ ಇಬಿಲ್ಲಿನ್ ಊರಿನ ಅರಬ್ ಹುಡುಗಿ ಮರಿಯಂ ಇದ್ದರು. ಓದು ಬರಹ ಇಲ್ಲವೆನ್ನುವಷ್ಟು ಕಡಿಮೆ, ಮಠದ ಮೈಕೆಲಸದ ಸಹೋದರಿ. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಅವರು ವ್ರತ ಸ್ವೀಕರಿಸಿದರು. ಆದರೆ ಅವರ ಅಸಾಮಾನ್ಯ ಆಧ್ಯಾತ್ಮಿಕ ಅನುಭವಗಳ ಬಗ್ಗೆ ಇಲ್ಲಿ ಅನುಮಾನ ಎದ್ದಿತು. ಮರುವರ್ಷ ಪೋಗೆ ಮರಳಬೇಕಾಯಿತು. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟುವಾಗ ಕೆಲಸಗಾರರೊಡನೆ ಅವರ ಭಾಷೆಯಲ್ಲೇ ಮಾತಾಡಿ ಮೇಲ್ವಿಚಾರಣೆ ನಡೆಸಿದವರು ಇವರೇ. ಆ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ತೋಳು ಮುರಿಯಿತು, ಗಾಯ ಕೊಳೆತು 1878ರ ಆಗಸ್ಟ್ 26ರಂದು ಪ್ರಾಣ ಬಿಟ್ಟರು. ಅವರ ಮಾತುಗಳು ಇಂದು ನಮಗೆ ಸಿಗುವುದು ಜೊತೆಗಿದ್ದ ಸಹೋದರಿಯರು ಬರೆದುಕೊಂಡದ್ದರಿಂದ. 2015ರ ಮೇ 17ರಂದು, ಲಿಸ್ಯೂವಿನ ತೆರೇಸಾ ಸಂತರಾದ ತೊಂಬತ್ತು ವರ್ಷಕ್ಕೆ ಸರಿಯಾಗಿ ಅದೇ ತಾರೀಖಿನಂದು, ಮಂಗಳೂರಿನಲ್ಲಿ ವ್ರತ ತೊಟ್ಟ ಈ ಮರಿಯಂ ಕೂಡ ಸಂತರಾದರು.

ಲಿಸ್ಯೂ ಮಠದವರು ಈಗ ತಮ್ಮ ಹಳೆಯ ದಾಖಲೆಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ತೆರೇಸಾ ಜೊತೆ ಉಂಡು, ದುಡಿದು, ಮುನಿದ ಸಹೋದರಿಯರ ಮರಣಪತ್ರಗಳನ್ನು ಅಲ್ಲಿ ಓದಬಹುದು. ಈ ಪದ್ಧತಿಯಲ್ಲಿ ಒಂದು ಜಾಗ ಮಾತ್ರ ಖಾಲಿ: ಮಠದೊಳಗೆ ಸತ್ತವರಿಗಷ್ಟೇ ಪತ್ರ, ಬಿಟ್ಟು ಹೋದವರಿಗಿಲ್ಲ. ಸಂತ ಜೋಸೆಫರ ಮರಿ ಎಂಬ ಸಹೋದರಿ ಲಿಸ್ಯೂವಿನಲ್ಲಿ ಬಟ್ಟೆಗಳ ಉಸ್ತುವಾರಿಯಲ್ಲಿದ್ದರು. ಮನಸ್ಸಿನ ಕಾಯಿಲೆಯಿಂದಾಗಿ ಸಿಟ್ಟಿಗೆ ಸಿಕ್ಕಿಬೀಳುತ್ತಿದ್ದ ಅವರ ಜೊತೆ ಕೆಲಸ ಮಾಡಲು ಯಾರಿಗೂ ಮನಸ್ಸಿರಲಿಲ್ಲ. 1896ರಲ್ಲಿ ತೆರೇಸಾ ತಾನಾಗಿ ಕೇಳಿಕೊಂಡು ಅವರ ಸಹಾಯಕ್ಕೆ ಸೇರಿದರು. 1909ರಲ್ಲಿ ಆ ಸಹೋದರಿ ಮಠ ಬಿಟ್ಟರು. ಅವರಿಗೆ ಧೈರ್ಯ ಹೇಳಲು ತೆರೇಸಾ ಬರೆದ ಪುಟ್ಟ ಚೀಟಿಗಳು ತೆರೇಸಾ ಪತ್ರಗಳ ಸಂಪುಟದಲ್ಲಿ ಅಚ್ಚಾಗಿವೆ. ಮರಣಪತ್ರಗಳನ್ನು ಓದಲು ಕೂರುವವರು ಆ ಚೀಟಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕೆಂದು ನನ್ನ ಆಸೆ.