ಹೈಬ್ರಿಡ್ ಕಾರಿನ ಆಯ್ಕೆ: ಸರಾಸರಿಯ ಒಂದು ಪಾಠ

ಎಂಟನೆಯ ತರಗತಿಗೆ ಸರಾಸರಿ ಕಲಿಸುವಾಗ ನಾನು ಕಾರು ಕೊಳ್ಳುವ ಲೆಕ್ಕ ಕೊಡುತ್ತೇನೆ. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಬ್ಯಾಟರಿಯೂ ಇರುತ್ತವೆ. ಬ್ರೇಕ್ ಒತ್ತಿದಾಗ ಶಾಖವಾಗಿ ವ್ಯರ್ಥವಾಗುವ ಚಲನಶಕ್ತಿಯ ಒಂದು ಪಾಲು ಇಲ್ಲಿ ಬ್ಯಾಟರಿಗೆ ಮರಳುತ್ತದೆ. ಹಾಗಾಗಿ ಸಿಗ್ನಲ್ಲಿಗೊಮ್ಮೆ ನಿಲ್ಲುವ ಊರೊಳಗೆ ಲಾಭ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. (ಇಂಥ ಕಾರುಗಳು ನಮ್ಮ ಬಿಡದಿಯಲ್ಲೇ ತಯಾರಾಗುತ್ತವೆ ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.)

ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡ ಅಂಕಿಗಳಿವು. ತಿಂಗಳಿಗೆ ಊರೊಳಗೆ 600 ಕಿ.ಮೀ., ದೂರಪ್ರಯಾಣ 600 ಕಿ.ಮೀ. ಪೆಟ್ರೋಲ್ ಕಾರು ಲೀಟರಿಗೆ ಊರಲ್ಲಿ 12, ಹೆದ್ದಾರಿಯಲ್ಲಿ 20 ಕಿ.ಮೀ. ಕೊಡುತ್ತದೆ, ಹೈಬ್ರಿಡ್ 20 ಮತ್ತು 24.

ಪೆಟ್ರೋಲ್ ಕಾರಿನ ಸರಾಸರಿ ಕೇಳಿದರೆ ತರಗತಿ ಒಕ್ಕೊರಲಿನಿಂದ 16 ಎನ್ನುತ್ತದೆ. ಅಂದರೆ 1,200 ಕಿ.ಮೀ.ಗೆ 75 ಲೀಟರ್. ಪ್ರಶಿಕ್ಷಣಾರ್ಥಿಗಳೇ, ತಿದ್ದಲು ಅವಸರಪಡಬೇಡಿ. ಎರಡೂ ದಾರಿಯ ಲೀಟರುಗಳನ್ನು ಬೇರೆ ಬೇರೆ ಬರೆಸಿ: 50, 30. ಒಟ್ಟು 80, ಸರಾಸರಿ 15! ದೂರ ಸಮವಿದ್ದರೂ ಮೈಲೇಜು ಕಡಿಮೆಯಿರುವ ದಾರಿ ಹೆಚ್ಚು ಪೆಟ್ರೋಲ್ ಕುಡಿದಿರುತ್ತದೆ. ಮೊದಲು ಲೀಟರುಗಳನ್ನು ಕೂಡಿ, ಆಮೇಲೆ ಮೈಲೇಜು ತೆಗೆಯಬೇಕು.

ಹೈಬ್ರಿಡ್ಡಿಗೆ 30, 25, ಒಟ್ಟು 55. ಉಳಿಯುವ 25 ಲೀಟರಿನಲ್ಲಿ 20 ಊರೊಳಗಿನದೇ. ಲೀಟರಿಗೆ 100 ರೂಪಾಯಿ ಹಿಡಿದರೆ ತಿಂಗಳಿಗೆ 2,500 ರೂಪಾಯಿ. ಬೆಲೆ 3 ಲಕ್ಷ ಹೆಚ್ಚಿದ್ದರೆ ಅದು ಮರಳಲು 10 ವರ್ಷ ಬೇಕು. ಓಟವೆಲ್ಲ ಊರೊಳಗಾದರೆ 6 ವರ್ಷ 3 ತಿಂಗಳು. ಹೆದ್ದಾರಿಯಲ್ಲೇ ಆದರೆ 25 ವರ್ಷ! ಟ್ಯಾಕ್ಸಿ ಓಡಿಸುವ ಮನೆಗೆ ಈ ವ್ಯತ್ಯಾಸ ಸಾಲದ ಕಂತಿನ ಪ್ರಶ್ನೆ. ಬಡ್ಡಿಯನ್ನು ಇಲ್ಲಿ ಸೇರಿಸಿಲ್ಲ. ಬಡ್ಡಿಯ ಪಾಠ ಬಂದಾಗ ಇದೇ ಲೆಕ್ಕವನ್ನು ಮತ್ತೆ ಹಲಗೆಗೆ ತನ್ನಿ.